ಮಾವನ ಕೋವಿಗೆ ಕೂರಿಸಿದ ಓರೆ ಗುರಿ

ನಮ್ಮ ಮನೆಗೆ ಹೊಸ ಸೊಸೆ ಯಾರಾದರೂ ಬಂದರೆ ಈಗಲೂ ನನ್ನ ಕತೆ ಹೇಳುತ್ತಾರೆ. ಮಾವನ ಎದುರು ನಿಂತು ಮಾತಾಡಿದವಳು, ಹೊರಗಿನವರ ಮುಂದೆ ಗಂಡನ ಮಾನ ಕಳೆದವಳು ಎಂದು. ನಗುತ್ತಾ ಹೇಳುತ್ತಾರೆ, ನಾನೂ ನಗಲಿ ಎಂದು ನನ್ನ ಮುಖ ನೋಡುತ್ತಾರೆ. ನನಗೆ ನಗು ಬರುವುದಿಲ್ಲ. ಆ ಕತೆಯಲ್ಲಿ ಒಂದು ಕೋವಿ ಇತ್ತು, ಕೋವಿಯ ನಳಿಗೆಯ ಮೇಲೆ ಕೂರಿಸಿದ ಒಂದು ಹಿತ್ತಾಳೆ ಚೂರಿತ್ತು. ಅವೆರಡನ್ನೂ ಬಿಟ್ಟುಬಿಟ್ಟು ಸೊಸೆಯ ಬಾಯಿಯೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನನ್ನಪ್ಪ ನನ್ನನ್ನು ನಾಲ್ಕು ವರ್ಷ ಶಾಲೆಗೆ ಕಳಿಸಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಎಂದು ನಾನೇ ಬರೆಯುತ್ತಿದ್ದೇನೆ.

ಮಧುವನಹಳ್ಳಿಯಿಂದ ಶಾಗ್ಯಕ್ಕೆ ಮದುವೆಯಾಗಿ ಬಂದು ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಮಾವನ ಜೊತೆ ನಾನು ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಅವರು ಜಗಲಿಯಲ್ಲಿದ್ದರೆ ನಾನು ಹಿತ್ತಲ ಬಾಗಿಲಿನಿಂದ ಓಡಾಡಬೇಕು. ಅವರಿಗೆ ಏನಾದರೂ ತಿಳಿಸಬೇಕಾದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು, ಅವರ ಉತ್ತರ ಅದೇ ದಾರಿಯಲ್ಲಿ ಸುತ್ತಿ ನನಗೆ ಬರಬೇಕು. ಮೂವರೂ ಒಂದೇ ಹಜಾರದಲ್ಲಿ ನಿಂತಿದ್ದರೂ ಹೀಗೆಯೇ. ಮಾವ ಕೆಟ್ಟವರಲ್ಲ. ಒಂದು ದಿನ ನನ್ನ ಮೇಲೆ ರೇಗಿದವರಲ್ಲ, ಊಟಕ್ಕೆ ಕೂತಾಗ ಸಾರು ಉಪ್ಪಾಗಿದ್ದರೂ ಎತ್ತಿ ಆಡಿದವರಲ್ಲ. ಅದಕ್ಕೇ ಇರಬೇಕು, ಅವರ ಮಾತಿಗೆ ಆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಬೈಯುವವರಿಗಾದರೆ ಎದುರು ಹೇಳಬಹುದು.

ನಮ್ಮ ಹೊಲ ಊರಿಂದ ಆಚೆ, ಬೆಟ್ಟದ ಬುಡದಲ್ಲಿತ್ತು. ಕಡಲೆಕಾಯಿ ಬಲಿಯತೊಡಗಿದರೆ ಸಾಕು, ಕಾಡುಹಂದಿಗಳು ಇಳಿದು ಬಂದು ಉತ್ತ ಹಾಗೆ ಮಾಡಿ ಹೋಗುತ್ತಿದ್ದವು. ಅದಕ್ಕಾಗಿ ಮಾವನ ಹೆಸರಿನಲ್ಲಿ ಒಂದು ಒಂಟಿ ನಳಿಗೆಯ ಕೋವಿಯಿತ್ತು. ನಡು ಮಡಿಸಿ ತೋಟಾ ತುಂಬುವಂಥದ್ದು. ಬೆಳಗು ಹರಿಯುವಾಗ ಹಂದಿಗಳು ಬೆಟ್ಟಕ್ಕೆ ವಾಪಸಾಗುವ ಹೊತ್ತು. ಮಾವ ಹೊಲದ ಮೇಲ್ತುದಿಯ ಅಟ್ಟಣೆಯಲ್ಲಿ ಕೋವಿ ಹಿಡಿದು ಕೂರುತ್ತಿದ್ದರು. ನನ್ನ ಗಂಡ ಕೆಳಗಡೆಯಿಂದ ಸೀಮೆಎಣ್ಣೆ ಡಬ್ಬ ಬಡಿಯುತ್ತಾ, ಕೂಗುತ್ತಾ, ಹಂದಿಗಳನ್ನು ಅಟ್ಟಣೆಯ ಕಡೆಗೆ ಎಬ್ಬಿಸಿಕೊಂಡು ಬರುತ್ತಿದ್ದರು. ಹಂದಿ ನುಗ್ಗುವ ಜಾಡು ಹೊಲದ ನಡುವೆ. ನನ್ನ ಗಂಡ ನಡೆಯುವ ಬದು ಅದರ ಪಕ್ಕದಲ್ಲೇ, ಅಟ್ಟಣೆಯಲ್ಲಿ ಕೂತವರ ಎಡಗಡೆಗೆ. ಇಪ್ಪತ್ತು ವರ್ಷದಿಂದ ಅಪ್ಪ ಮಗ ಹೀಗೆಯೇ ಮಾಡಿಕೊಂಡು ಬಂದಿದ್ದರು.

ಆ ವರ್ಷ ಮಾವನ ಗುರಿ ತಪ್ಪತೊಡಗಿತು. ಈಡು ಕೇಳಿಸುತ್ತಿತ್ತು, ಹಂದಿ ಬೀಳುತ್ತಿರಲಿಲ್ಲ. ಮೊದಮೊದಲು ತೋಟಾಕ್ಕೆ ತೇವ ಹಿಡಿದಿದೆ ಎಂದರು. ಮದ್ದು ಹಳೆಯದು ಎಂದರು. ಆಮೇಲೆ ತೀರ್ಮಾನಕ್ಕೆ ಬಂದರು: "ಕೋವಿ ಓರೆಗೆ ಒಡೀತಾ ಅದೆ ಕಣ್ಲಾ." ನನ್ನ ಗಂಡ "ಊಂ ಅಪ್ಪಾ, ನಳಿಗೆ ಎಲ್ಲೋ ಬಗ್ಗಿರ್ಬೇಕು" ಎಂದರು. ಅತ್ತೆಯೂ "ಕಬ್ಬುಣ ಅಲ್ವಾ, ಬಗ್ತದೆ" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಮಾವನ ಬಲಗಣ್ಣಿನ ಪಾಪೆಯಲ್ಲಿ ನೀರಿಗೆ ಹಾಲು ಬಿದ್ದ ಹಾಗೆ ಪೊರೆ ಬಂದಿತ್ತು. ಕೋವಿಯನ್ನು ಬಲಭುಜಕ್ಕೆ ಕೊಟ್ಟು, ಕುತ್ತಿಗೆಯನ್ನು ಕೊಕ್ಕರೆಯಂತೆ ಚಾಚಿ, ಎಡಗಣ್ಣನ್ನು ನಳಿಗೆಯ ಮೇಲಕ್ಕೆ ತರಲು ಒದ್ದಾಡುತ್ತಿದ್ದರು. ಬಾಗಿಲ ಸಂದಿಯಿಂದ ನೋಡುವ ನನಗೆ ಕಂಡದ್ದು ಎದುರಿಗೇ ಕೂತವರಿಗೆ ಕಾಣಲಿಲ್ಲವೇ? ಕಂಡಿತ್ತು. ಎಲ್ಲರಿಗೂ ಕಂಡಿತ್ತು.

ಒಂದು ದಿನ ನನ್ನ ಗಂಡನ ಕಂಬಳಿಯನ್ನು ಬಿಸಿಲಿಗೆ ಹಾಕಲು ಕೊಡವಿದೆ. ಒಂದು ಅಂಚಿನಲ್ಲಿ ನಾಲ್ಕು ತೂತು. ಎಲ್ಲಿ ಹರಿದಿರಿ ಎಂದು ಕೇಳಿದರೆ, "ಬೆಂಕಿ ಕಾಯಿಸ್ಕತಿದ್ದೆ, ಕಿಡಿ ಸಿಡೀತು" ಎಂದರು, ನನ್ನ ಕಡೆ ನೋಡದೆ. ಕಿಡಿ ಬಿದ್ದ ತೂತಿನ ಅಂಚು ಸುಟ್ಟು ಕರಕಲಾಗಿರುತ್ತದೆ, ಮೂಸಿದರೆ ವಾಸನೆ ಬರುತ್ತದೆ. ಇವು ಹಾಗಿರಲಿಲ್ಲ. ಮಡಿಕೆಯನ್ನು ಬಿಡಿಸಿ ತಡವಿದಾಗ ಉಣ್ಣೆಯೊಳಗೆ ಸಿಕ್ಕಿಕೊಂಡಿದ್ದ, ತೋಟಾದೊಳಗೆ ತುಂಬುವ ಒಂದು ಸೀಸದ ಚರೆ ನನ್ನ ಕೈಗೆ ಬಿತ್ತು. ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ. ಚರೆಯನ್ನು ಕುಂಕುಮದ ಭರಣಿಯಲ್ಲಿಟ್ಟು, ಗಂಡನ ಮುಂದೆ ಹೋಗಿ ನಿಂತೆ. ಅವರು ಕೈಮುಗಿಯುವಂತೆ ಮಾಡಿ, "ಅಪ್ಪುಂಗೆ ಗೊತ್ತಾದ್ರೆ ಎದೆ ಒಡ್ಕತಾರೆ, ಬಾಯ್ ಬುಡಬ್ಯಾಡ" ಎಂದರು. ಇವರ ಎದೆ ಒಡೆದು ಹೋದರೆ ಪರವಾಗಿಲ್ಲ, ಅಪ್ಪನ ಎದೆ ಒಡೆಯಬಾರದು! ನನಗೆ ಬಂದ ಸಿಟ್ಟಿಗೆ ಆ ದಿನ ಹಿಟ್ಟು ತಿರುವುವ ಕೋಲು ಮುರಿಯಿತು. ಆದರೆ ಬಾಯಿ ಬಿಡಲಿಲ್ಲ.

ಮಾವನಿಗೆ ಆಗ ಒಂದು ಯೋಚನೆ ಹೊಳೆಯಿತು. ಹನೂರಿನಲ್ಲಿ ಒಮ್ಮೆ ಕಾಡಿನ ಅಧಿಕಾರಿಯೊಬ್ಬರ ರೈಫಲ್ಲನ್ನು ನೋಡಿದ್ದರಂತೆ. ನಮ್ಮ ಕೋವಿಗೆ ಗುರಿ ಹಿಡಿಯಲು ಮುಂತುದಿಯಲ್ಲಿ ಒಂದು ಮಣಿ ಮಾತ್ರ. ಆ ರೈಫಲ್ಲಿಗೆ ಹಿಂದುಗಡೆ, ಕಣ್ಣಿಗೆ ಹತ್ತಿರದಲ್ಲಿ, ಕಚ್ಚು ಕೊರೆದ ಒಂದು ಸಣ್ಣ ತಗಡೂ ಇತ್ತು. ಕಚ್ಚಿನ ನಡುವೆ ಮಣಿ ಕೂತು, ಮಣಿಯ ಮೇಲೆ ಪ್ರಾಣಿ ಕೂತರೆ ಈಡು ತಪ್ಪುವ ಹಾಗೇ ಇಲ್ಲ. "ನಮ್ದುಕ್ಕೂ ಅಂತದೊಂದು ಕೂರುಸ್ಬುಟ್ರೆ ಕೋವಿ ಓರೆಗೆ ಒಡ್ಯಾದು ನಿಲ್ತದೆ" ಎಂದರು. ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವವರಿದ್ದರು. ಆದರೆ ನಮ್ಮ ಕೊಳ್ಳೇಗಾಲದ ಸೀಮೆ ಆಗ ಮದರಾಸು ಸರ್ಕಾರಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಲೈಸೆನ್ಸು ಅಲ್ಲಿಯದು. ಯಳಂದೂರು ದಾಟಬೇಕಾದರೆ ಮೈಸೂರು ಸರ್ಕಾರದ ನೆಲ. ಅಲ್ಲಿ ಕೋವಿ ಹೆಗಲಿಗೆ ಹಾಕಿಕೊಂಡು ಹೋದರೆ ಕಳ್ಳನಂತೆ ಹಿಡಿದು ಕೂರಿಸುತ್ತಾರೆ ಎಂಬ ಹೆದರಿಕೆ. ಹೀಗಾಗಿ ಕೆಲಸ ಮನೆಯಂಗಳದಲ್ಲೇ ಆಗಬೇಕಾಯಿತು.

ಕೊಳ್ಳೇಗಾಲದಿಂದ ಕಲಾಯಿ ಸಾಬರೊಬ್ಬರು ವರ್ಷಕ್ಕೆರಡು ಸಲ ನಮ್ಮೂರಿಗೆ ಬರುತ್ತಿದ್ದರು. ಪಾತ್ರೆಗಳಿಗೆ ಕಲಾಯಿ ಹಾಕುವುದು, ತೂತು ಬಿದ್ದ ಚೊಂಬಿಗೆ ತವರದ ಬೆಸುಗೆ ಹಾಕುವುದು ಅವರ ಕೆಲಸ. ಅಕ್ಕಸಾಲಿಯ ಹಾಗೆ ಕೆಂಪಗೆ ಕಾಯಿಸಿದರೆ ನಳಿಗೆಯ ಕಬ್ಬಿಣ ಮೆತ್ತಗಾಗುತ್ತದೆ, ತವರವಾದರೆ ಸಣ್ಣ ಬಿಸಿಗೇ ಹಿಡಿಯುತ್ತದೆ ಎಂದು ಅವರೇ ಹೇಳಿದರು. ಬುದ್ಧಿವಂತರು. ತಗಡಿಗೆ ಹಿತ್ತಾಳೆ ಬೇಕು ಎಂದಾಗ ಅತ್ತೆ ಒಳಗೆ ಬಂದು ಹುಡುಕಾಡಿ, ನನ್ನ ತವರಿನಿಂದ ಬಂದಿದ್ದ ಚೊಂಬನ್ನೇ ಎತ್ತಿಕೊಂಡು ಹೋದರು. ಸೋರುತ್ತಿತ್ತು, ನಿಜ. ಅವರ ಕಡೆಯಿಂದ ಬಂದ ಎರಡು ಚೊಂಬೂ ಸೋರುತ್ತಿದ್ದವು.

ಸಾಬರು ಚೊಂಬಿನ ಕಂಠದಿಂದ ಉಗುರಗಲದ ಚೂರು ಕತ್ತರಿಸಿ, ಮಡಿಸಿ, ಮೂರು ಮೂಲೆಯ ಅರದಿಂದ ನಡುವೆ ಕಚ್ಚು ಕೊರೆದರು. ಎರಡು ರಾಗಿ ಮೂಟೆಗಳ ಮೇಲೆ ಕೋವಿಯನ್ನು ಅಲುಗದಂತೆ ಮಲಗಿಸಿದರು. ಅಂಗಳದಾಚೆ, ಬೇಲಿಯ ಹತ್ತಿರ, ಹುತ್ತದ ಮೇಲೆ ಸುಣ್ಣ ಬಳಿದ ಒಂದು ಹಳೆಯ ಮಡಕೆಯನ್ನು ಗುರಿಗೆ ಇಟ್ಟಿದ್ದರು. ಮುಂದಿನ ಮಣಿಯಿಂದ ಹಿಂದಕ್ಕೆ ದಾರ ಕಟ್ಟಿ ಬಿಗಿ ಹಿಡಿದು, ನಳಿಗೆಯ ನೆತ್ತಿ ಎಲ್ಲಿ ಎಂದು ನೋಡಿ ಇದ್ದಿಲಿನಲ್ಲಿ ಗೆರೆ ಎಳೆದರು. ಆ ಜಾಗದ ಕಪ್ಪನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ತವರ ಹಿಡಿಯಲೆಂದು ನವಸಾಗರದ ಉಪ್ಪು ತಿಕ್ಕಿದರು. ಹೊಗೆ ಬಂತು. ಕಾದ ಕಬ್ಬಿಣ ಮುಟ್ಟಿಸಿ, ತವರ ಕರಗಿಸಿ, ಹಿತ್ತಾಳೆ ಚೂರನ್ನು ಗೆರೆಯ ಮೇಲೆ ತುಸುವೇ ಹಿಡಿಸಿದರು. ಎಷ್ಟು ಚೆನ್ನಾಗಿ ಕೂತಿತ್ತು ಎಂದರೆ ಬಾಗಿಲ ಹಿಂದಿನಿಂದಲೇ ನನಗೆ ಕಾಣುತ್ತಿತ್ತು, ನಳಿಗೆಯ ನಟ್ಟನಡುವೆ. ಅಲ್ಲೇ ಬಿಟ್ಟಿದ್ದರೆ ಆ ಕೋವಿಗೆ ಅದು ಒಳ್ಳೆಯದನ್ನೇ ಮಾಡುತ್ತಿತ್ತೋ ಏನೋ.

"ಯಜಮಾನ್ರೇ, ಒಂದ್ಸಲ ನೋಡ್ಬುಡಿ" ಎಂದರು ಸಾಬರು.

ಮಾವ ಮೂಟೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ನಳಿಗೆಯನ್ನು ತಮ್ಮ ಕಣ್ಣಿಗೆ ಸರಿ ಕಂಡಷ್ಟು ಎಡಕ್ಕೆ ಹೊರಳಿಸಿ, ಕುತ್ತಿಗೆ ಚಾಚಿದರು. "ಇಲ್ಲ. ಮಡ್ಕೆ ಕಾಣಕಿಲ್ಲ. ಎಡಕ್ಕೆ ತಳ್ಳಿ."

ಸಾಬರು ತವರ ಕರಗಿಸಿ ಒಂದೆಳೆ ತಳ್ಳಿದರು. ಇನ್ನೂ ಎಂದರು ಮಾವ. ಇನ್ನೊಂದೆಳೆ. ಇನ್ನೂ. ಕೊನೆಗೆ ಅರ್ಧ ಬೆರಳಿನಷ್ಟು ಪಕ್ಕಕ್ಕೆ ಸರಿದು, ಉರುಟು ನಳಿಗೆಯ ಇಳಿಜಾರಿನಲ್ಲಿ ಆ ಚೂರು ಜಾರಿ ಬೀಳುವಂತೆ ನಿಂತಾಗ ಮಾವ, "ಆ! ಈಗ ನೋಡು! ಮಣಿ ಮ್ಯಾಲೆ ಮಡ್ಕೆ ಕೂತದೆ" ಎಂದರು. ಮುಖ ಅರಳಿತ್ತು.

ಸಾಬರು ತಮ್ಮ ಇದ್ದಿಲ ಗೆರೆಯನ್ನು ನೋಡಿದರು. ಆಮೇಲೆ ನನ್ನ ಗಂಡನ ಮುಖ ನೋಡಿದರು. ಮಗು ಕೂಡ ಹೇಳಬಹುದಾಗಿತ್ತು ಅದು ಓರೆ ಎಂದು. ನನ್ನ ಗಂಡ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದವರಂತೆ ನೋಡಿ, "ಸರಿಯಾಗೇ ಅದೆ ಅಪ್ಪಾ" ಎಂದರು. ಸಾಬರತ್ತ ತಿರುಗಿ, "ಅಪ್ಪ ಏಳ್ದಂಗೇ ಗಟ್ಟಿ ಮಾಡ್ಬುಡಿ" ಎಂದರು. ಆ ಚೂರು ಓರೆಯಾದಷ್ಟು ಈಡು ಎಡಕ್ಕೆ ಹೋಗುತ್ತದೆ. ಎಡಕ್ಕೆ ಇರುವುದು ಬದು. ಬದುವಿನ ಮೇಲೆ ನಡೆಯುವವರು ಯಾರು? ಸ್ವತಃ ಅವರೇ! ನನ್ನ ಪಿತ್ತ ನೆತ್ತಿಗೇರಿತು. ಆ ಮನುಷ್ಯನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಅತ್ತೆಯ ಸೆರಗು ಹಿಡಿದು ಒಳಗೆಳೆದೆ. "ಅತ್ತೆ, ಅದು ಓರೆ ಅದೆ ಅಂತ ಏಳಿ. ಮೊದ್ಲು ಗೆರೆ ಆಕಿದ್ದ ಜಾಗವೇ ಸರಿ ಅನ್ನಿ."

"ಗಂಡಸ್ರು ಕೆಲ್ಸ ಕಣವ್ವ, ನಮ್ಗ್ಯಾಕೆ" ಎಂದರು.

"ನಿಮ್ ಮಗನ ಜೀವ ನಿಮ್ಗ್ಯಾಕೆ?"

ಅತ್ತೆ ಕೈ ಕೊಸರಿಕೊಂಡು, ಒಲೆಯ ಮುಂದೆ ಹೋಗಿ ಕೂತು, ಉರಿಯುತ್ತಿದ್ದ ಸೌದೆಯನ್ನೇ ಮತ್ತೆ ಮತ್ತೆ ಒಳಗೆ ತಳ್ಳತೊಡಗಿದರು. ನಾನು ಬೇಕೆಂದೇ ತಪ್ಪಲೆಯನ್ನು ನೆಲಕ್ಕೆ ಕುಕ್ಕಿದೆ. ಅಂಗಳದಲ್ಲಿ ಯಾರೂ ತಿರುಗಿ ನೋಡಲಿಲ್ಲ. ಸೊಸೆಯ ತಪ್ಪಲೆ ಸದ್ದು ಎಲ್ಲರ ಮನೆಯಲ್ಲೂ ಇದ್ದದ್ದೇ.

ಸಾಬರು ಬೆಸುಗೆ ಗಟ್ಟಿ ಮಾಡಿ, ತಣ್ಣೀರ ಬಟ್ಟೆ ಒತ್ತಿ, ಸುತ್ತಲಿನ ತವರವನ್ನು ಅರದಿಂದ ಕೆರೆದು ನುಣುಪು ಮಾಡಿದರು. ತಪ್ಪನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರು! ನಾಳೆ ಬೆಳಗಿಗೇ ಹೊಲಕ್ಕೆ ಹೋಗಿ ನೋಡೋಣ ಎಂದು ಮಾವ ತೀರ್ಮಾನಿಸಿದರು. ಗಂಡಸರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಕೋವಿ ಹಾಗೆಯೇ ಮೂಟೆಗಳ ಮೇಲಿತ್ತು.

ನಾನು ಅಂಗಳಕ್ಕೆ ಇಳಿದೆ. ಮೂಟೆಯ ಹಿಂದೆ ಮಂಡಿಯೂರಿ ಕಚ್ಚಿನಲ್ಲಿ ನೋಡಿದೆ. ಕಚ್ಚಿನ ನಡುವೆ ಮಣಿ, ಮಣಿಯ ಮೇಲೆ ಬಿಳಿ ಮಡಕೆ. ಎಲ್ಲ ಸರಿಯೇ. ನನ್ನ ಗಂಡ ಕೋವಿ ಒರೆಸುವಾಗ ಮಡಿಸುವುದನ್ನು ಎಷ್ಟೋ ಸಲ ನೋಡಿದ್ದೆ. ನಳಿಗೆ ಅಲುಗದ ಹಾಗೆ ಒಂದು ಕೈಯಲ್ಲಿ ಅದುಮಿ ಹಿಡಿದು, ಕೀಲು ಒತ್ತಿ, ಮರದ ಹಿಡಿಯನ್ನು ಮಾತ್ರ ಕೆಳಕ್ಕೆ ಬಾಗಿಸಿದೆ. ತೋಟಾ ಇರಲಿಲ್ಲ. ನಳಿಗೆಯ ತೂತಿನಲ್ಲಿ ಆ ತುದಿಯಿಂದ ದುಂಡಗೆ ಬೆಳಕು ಬರುತ್ತಿತ್ತು. ಕಣ್ಣಿಟ್ಟೆ. ಆ ದುಂಡು ಬೆಳಕಿನ ನಡುವೆ ಮಡಕೆ ಇರಲಿಲ್ಲ. ಮಡಕೆಯಿಂದ ಒಂದು ಮೊಳ ಎಡಕ್ಕೆ ನೆಟ್ಟಿದ್ದ ಬೇಲಿಯ ಗೂಟವಿತ್ತು. ಕಚ್ಚು ಮಡಕೆ ತೋರಿಸುತ್ತಿತ್ತು, ನಳಿಗೆ ಗೂಟಕ್ಕೆ ನೆಟ್ಟಿತ್ತು. ಮತ್ತೊಮ್ಮೆ ನೋಡಿದೆ. ಗೂಟವೇ.

ಎದ್ದು ನಿಂತಾಗ ಮಾವ ಪಂಚೆಯ ಅಂಚಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಹಿಂದೆ ನನ್ನ ಗಂಡ, ಅವರ ಹಿಂದೆ ಸಾಬರು. ಅಂಗಳದ ನಡುವೆ, ತಲೆಯ ಮೇಲೆ ಸೆರಗಿಲ್ಲದೆ, ಕೋವಿಯ ಪಕ್ಕ ನಿಂತ ಸೊಸೆಯನ್ನು ಕಂಡು ಮೂವರೂ ಗಕ್ಕನೆ ನಿಂತರು. ನಾನು ಒಳಗೆ ಓಡಬೇಕಾಗಿತ್ತು. ಓಡಲಿಲ್ಲ. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಮಾವ, ಕೋವಿ ನೆಟ್ಟಗದೆ. ನಿಮ್ ಕಣ್ಣು ಓಗದೆ."

ನನ್ನ ಗಂಡ, "ಏಯ್! ಒಳಿಕ್ಕೋಗು!" ಎಂದು ಕೂಗಿ ಕೈಯೆತ್ತಿಕೊಂಡು ಬಂದರು. ಸಾಬರು ನೆಲ ನೋಡಿದರು. ನಾನು ಒಳಗೆ ಹೋದೆ, ಅವರು ಹೇಳಿದ್ದಕ್ಕಲ್ಲ, ಕಂಬಳಿಗೆ. ಕುಂಕುಮದ ಭರಣಿಯನ್ನು ಮಡಿಲಿಗೆ ಹಾಕಿಕೊಂಡು, ಅದನ್ನು ತಂದು ಮಾವನ ಮುಂದೆ ಹಿಡಿದು, ನಾಲ್ಕು ತೂತಿಗೂ ನಾಲ್ಕು ಬೆರಳು ತೂರಿಸಿದೆ.

"ಇವು ಯಾನ ಅಂತ ನಿಮ್ ಮಗನ್ನ ಕೇಳಿ."

"ಬೆಂಕಿ ಕಿಡಿ ಅಪ್ಪಾ, ಅವಳು ಮಾತು ಕೇಳ್ಬ್ಯಾಡಿ" ಎಂದರು ನನ್ನ ಗಂಡ.

ಭರಣಿಯಿಂದ ಚರೆ ತೆಗೆದು ಮಾವನ ಅಂಗೈಯಲ್ಲಿಟ್ಟೆ. ಅದಕ್ಕೆ ಕುಂಕುಮ ಅಂಟಿತ್ತು. ಅವರು ಅದನ್ನು ನೋಡಲು ಹೋಗಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉರುಳಿಸಿದರು. ತೋಟಾಗಳಿಗೆ ಮದ್ದು, ಚರೆ ತಾವೇ ತುಂಬುತ್ತಿದ್ದವರು. ಬೆರಳಿಗೆ ಗೊತ್ತಾಯಿತು. ಕಂಬಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತೂತುಗಳನ್ನು ಒಂದೊಂದಾಗಿ ತಡವಿದರು.

"ಇದು ಕಂಬ್ಳಿ ನಿನ್ ಮೈಮ್ಯಾಲೆ ಇದ್ದಾಗ್ಲೇ ಆದದ್ದಾ?"

ನನ್ನ ಗಂಡ ತಲೆ ತಗ್ಗಿಸಿದರು.

"ಯಾಕ್ಲಾ ಏಳ್ಲಿಲ್ಲ?"

"ನಿಮ್ಗೆ ಎಂಗೇಳ್ಲಪ್ಪಾ..."

ಮಾವ ಹೊಡೆದ ಏಟು ಅಂಗಳವೆಲ್ಲ ಕೇಳಿಸಿತು. ನಲವತ್ತರ ಹತ್ತಿರದ ಮಗನ ಕೆನ್ನೆಗೆ, ಹುಟ್ಟಿದ ಮೇಲೆ ಮೊದಲ ಸಲ. "ಸತ್ತೋಗಿದ್ರೆ ಏಳ್ತಿದ್ಯೇನ್ಲಾ?" ಎಂದರು. ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತಾ ನನ್ ಕಣ್ಣು?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಊಟಕ್ಕೆ ಕೂತಾಗ ಆರು ತಿಂಗಳಿಂದ ಗಂಡನ ಕೈ ಹಿಡಿದು, ತಟ್ಟೆಯ ಬಲಗಡೆ ಇಟ್ಟ ಪಲ್ಯವನ್ನು ಮುಟ್ಟಿಸುತ್ತಿದ್ದವರು ಅವರೇ.

"ಸಾಬರೇ, ನಿಮ್ಗೆ?"

"ಯಜಮಾನ್ರು ಏಳ್ದಾಗ ನಾವು..." ಎಂದು ಅವರು ಬೆಸುಗೆಯ ಕಬ್ಬಿಣವನ್ನು ಮತ್ತೆ ಕೆಂಡಕ್ಕಿಟ್ಟರು.

ಮಾವ ರಾಗಿ ಮೂಟೆಯ ಮೇಲೆ ಕೂತುಬಿಟ್ಟರು. ಪಕ್ಕದಲ್ಲಿದ್ದ ಕೋವಿಯನ್ನು ಮುಟ್ಟಲಿಲ್ಲ. "ಎಲ್ಲಾ ಸೇರ್ಕಂಡು ನನ್ ಕೈಲೇ ನನ್ ಮಗನ್ನ ಸಾಯುಸ್ತಿದ್ರಲ್ಲಾ" ಎಂದರು. "ಮರ್ವಾದಿ ಅಂತಾ."

ಸಾಬರು ಅವತ್ತೇ ಬೆಸುಗೆ ಬಿಚ್ಚಿಕೊಟ್ಟರು. ಮಾರನೆಯ ಬೆಳಿಗ್ಗೆ ಹೊಲಕ್ಕೆ ಯಾರೂ ಹೋಗಲಿಲ್ಲ. ಮಾವ ಮಗನನ್ನು ಕರೆದುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿ, ಸ್ಟೇಷನ್ನಿನಲ್ಲಿ ಕೋವಿ ಒಪ್ಪಿಸಿ, ಲೈಸೆನ್ಸನ್ನು ಮಗನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಬರೆಸಿ ಬಂದರು. ಅದು ಕೊಯಮತ್ತೂರಿಗೆ ಹೋಗಿ ಬರುವಷ್ಟರಲ್ಲಿ ಕಡಲೆಕಾಯಿಯಲ್ಲಿ ಮುಕ್ಕಾಲು ಪಾಲು ಹಂದಿಗಳ ಹೊಟ್ಟೆಗಾಯಿತು. ಊರಿನವರು ಅದನ್ನೂ ನನ್ನ ಬಾಯಿಯ ಲೆಕ್ಕಕ್ಕೆ ಸೇರಿಸಿದರು. ನನ್ನ ಗಂಡ ಎಷ್ಟೋ ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಿಸಲು ಹೋಗಲಿಲ್ಲ. ಜೀವ ಉಳಿಸಿದ್ದಕ್ಕೆ ಕ್ಷಮೆ ಬೇರೆ ಕೇಳಬೇಕೇ?

ಇಷ್ಟು ವರ್ಷ ಇವರೆಲ್ಲರ ಮೇಲೆ ಸಿಟ್ಟು ಮಾಡಿಕೊಂಡೇ ಬಂದಿದ್ದೇನೆ, ಅದರಲ್ಲಿ ನನಗೆ ನಾಚಿಕೆಯಿಲ್ಲ. ಆದರೆ ಅವತ್ತು ಮಾವ ಎಲ್ಲಾ ಸೇರ್ಕಂಡು ಎಂದಾಗ ನನ್ನ ಕಡೆ ನೋಡಿರಲಿಲ್ಲ, ನನ್ನನ್ನು ಬಿಟ್ಟು ಹೇಳಿದರು. ಅವರಿಗೆ ಗೊತ್ತಿರಲಿಲ್ಲ. ಕಂಬಳಿಯಲ್ಲಿ ಚರೆ ಸಿಕ್ಕ ದಿನಕ್ಕೂ ನಾನು ಬಾಯಿ ತೆರೆದ ದಿನಕ್ಕೂ ನಡುವೆ ನನ್ನ ಗಂಡ ಮೂರು ಬೆಳಗು ಹಂದಿ ಎಬ್ಬಿಸಲು ಹೋಗಿದ್ದರು. ಮೂರು ಬೆಳಗೂ ನಾನೇ ಎದ್ದು ಬುತ್ತಿ ಕಟ್ಟಿಕೊಟ್ಟಿದ್ದೆ.